ಯೂರಿಯಾ ಚೀಲದ ಇಂಗಾಲ ಲೆಕ್ಕ: ರಸಗೊಬ್ಬರ ಕಾರ್ಖಾನೆಯ ಹೊರಸೂಸುವಿಕೆ ವರದಿ

(ದತ್ತಿ ಉಪನ್ಯಾಸದ ಪಠ್ಯ)

ರಸಗೊಬ್ಬರ ಕಾರ್ಖಾನೆಯೊಂದು ವರ್ಷವಿಡೀ ಎಷ್ಟು ಅನಿಲ, ಎಣ್ಣೆ, ಕಲ್ಲಿದ್ದಲು, ವಿದ್ಯುತ್ತು ಬಳಸಿತು, ಅದರಿಂದ ಎಷ್ಟು ಹಸಿರುಮನೆ ಅನಿಲ ವಾತಾವರಣ ಸೇರಿತು ಎಂಬುದನ್ನು ಟನ್ನುಗಳಲ್ಲಿ ಬರೆದು ಸಾರ್ವಜನಿಕರ ಮುಂದಿಡುವ ದಾಖಲೆಯೇ ಹೊರಸೂಸುವಿಕೆ ವರದಿ. ಹಣದ ಲೆಕ್ಕಪತ್ರಕ್ಕೆ ಇರುವಂತೆ ಇದಕ್ಕೂ ನಿಯಮಗಳಿವೆ, ಮಾನಕಗಳಿವೆ, ಹೊರಗಿನ ಪರಿಶೋಧಕರಿದ್ದಾರೆ. ಸಿಮೆಂಟು, ಉಕ್ಕು ಮುಂತಾದ ಉದ್ಯಮಗಳೂ ಇಂಥ ವರದಿ ಕೊಡುತ್ತವೆ. ಆದರೆ ಗೊಬ್ಬರದ ಲೆಕ್ಕಕ್ಕೆ ಅವುಗಳಿಗಿಲ್ಲದ ಒಂದು ತೊಡಕಿದೆ. ಗೊಬ್ಬರದಿಂದ ಹೊಮ್ಮುವ ಅನಿಲದ ಬಹುಪಾಲು ಕಾರ್ಖಾನೆಯ ಆವರಣದಲ್ಲಿ ಹೊಮ್ಮುವುದೇ ಇಲ್ಲ. ಚೀಲದೊಂದಿಗೆ ಹೊರಟು ರೈತನ ಹೊಲದಲ್ಲಿ ಬಿಡುಗಡೆಯಾಗುತ್ತದೆ. ಆದ್ದರಿಂದ ಲೆಕ್ಕದ ಗಡಿಯನ್ನು ಎಲ್ಲಿ ಎಳೆಯಲಾಗಿದೆ ಎಂಬುದನ್ನು ನೋಡದೆ ವರದಿಯ ಮೊತ್ತವನ್ನಷ್ಟೇ ಓದಿದರೆ ಏನೂ ತಿಳಿದಂತಾಗುವುದಿಲ್ಲ.

1. ಇಂಗಾಲ ಬರುವ ದಾರಿ

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ, ಆದರೆ ಬಹುತೇಕ ಬೆಳೆಗಳು ಅದನ್ನು ನೇರವಾಗಿ ಹೀರಿಕೊಳ್ಳಲಾರವು. ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡುವ ವಿಧಾನವನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. 1913ರಲ್ಲಿ ಒಪ್ಪಾವ್‌ನಲ್ಲಿ ಬಿಎಎಸ್‌ಎಫ್ ಕಂಪನಿಯ ಘಟಕ ಉತ್ಪಾದನೆ ಆರಂಭಿಸಿತು. ಅಧಿಕ ಒತ್ತಡದಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ನಡೆಯುವ ಆ ಕ್ರಿಯೆಯೇ ಇಂದಿಗೂ ಜಗತ್ತಿನ ಸಾರಜನಕ ಗೊಬ್ಬರಕ್ಕೆಲ್ಲ ಬುನಾದಿ.

ಈ ಕ್ರಿಯೆಗೆ ಬೇಕಾದ ಸಾರಜನಕ ಗಾಳಿಯಿಂದ ಸಿಗುತ್ತದೆ. ಜಲಜನಕವನ್ನು ಮಾತ್ರ ತಯಾರಿಸಿಕೊಳ್ಳಬೇಕು. ಭಾರತದ ಬಹುತೇಕ ಕಾರ್ಖಾನೆಗಳು ಅದಕ್ಕೆ ನೈಸರ್ಗಿಕ ಅನಿಲವನ್ನು ಬಳಸುತ್ತವೆ. ಅನಿಲದಲ್ಲಿರುವ ಮೀಥೇನನ್ನು ಹಬೆಯೊಂದಿಗೆ ಬೆರೆಸಿ, ಕುಲುಮೆಯೊಳಗಿನ ಕೊಳವೆಗಳಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಕಾವಿನಲ್ಲಿ ಹಾಯಿಸಿದಾಗ ಜಲಜನಕ ಬೇರ್ಪಡುತ್ತದೆ. ಮೀಥೇನಿನಲ್ಲಿದ್ದ ಇಂಗಾಲ ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಉಳಿಯುತ್ತದೆ. ಹೀಗೆ ಅನಿಲಕ್ಕೆ ಇಲ್ಲಿ ಎರಡು ಪಾತ್ರ: ಒಂದು ಪಾಲು ಕಚ್ಚಾವಸ್ತು, ಇನ್ನೊಂದು ಪಾಲು ಕುಲುಮೆ ಉರಿಸುವ ಇಂಧನ. ಕಚ್ಚಾವಸ್ತುವಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನು ದ್ರಾವಣದಲ್ಲಿ ತೊಳೆದು ಬೇರ್ಪಡಿಸುವುದರಿಂದ ಅದು ಬಹುಮಟ್ಟಿಗೆ ಶುದ್ಧವಾಗಿ ಸಿಗುತ್ತದೆ. ಇಂಧನದಿಂದ ಹುಟ್ಟಿದ್ದು ಹೊಗೆಯಲ್ಲಿ ಬೆರೆತು ಚಿಮಣಿಯಿಂದ ಹೊರಹೋಗುತ್ತದೆ. ಕಾರ್ಖಾನೆ ಎಷ್ಟೇ ದಕ್ಷವಾಗಿದ್ದರೂ ಕಚ್ಚಾವಸ್ತುವಿನ ಇಂಗಾಲ ತಪ್ಪಿದ್ದಲ್ಲ.

ಶುದ್ಧವಾಗಿ ಸಿಕ್ಕ ಈ ಅನಿಲವನ್ನು ಪಕ್ಕದ ಘಟಕದಲ್ಲಿ ಅಮೋನಿಯಾದೊಂದಿಗೆ ಒತ್ತಡದಲ್ಲಿ ಕೂಡಿಸಿದಾಗ ಯೂರಿಯಾ ಆಗುತ್ತದೆ. ಒಂದು ಟನ್ ಯೂರಿಯಾಕ್ಕೆ 0.567 ಟನ್ ಅಮೋನಿಯಾ ಮತ್ತು 0.733 ಟನ್ ಇಂಗಾಲದ ಡೈಆಕ್ಸೈಡ್ ಬೇಕೆಂದು ರಸಾಯನಶಾಸ್ತ್ರದ ಲೆಕ್ಕ ಹೇಳುತ್ತದೆ. ಯಾವ ಕಾರ್ಖಾನೆಗೂ ಬದಲಾಗದ ಅಂಕಿಗಳಿವು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ಅಮೋನಿಯಾ ತಯಾರಿಕೆಯಿಂದ ವರ್ಷಕ್ಕೆ ಸುಮಾರು 45 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ನೇರವಾಗಿ ಹೊಮ್ಮುತ್ತದೆ. ತಯಾರಾದ ಅಮೋನಿಯಾದಲ್ಲಿ ಸುಮಾರು ಶೇ. 70 ಗೊಬ್ಬರಕ್ಕೆ ಹೋಗುತ್ತದೆ. ಭಾರತದಲ್ಲಿ 2023-24ರಲ್ಲಿ 314 ಲಕ್ಷ ಟನ್ ಯೂರಿಯಾ ತಯಾರಾಯಿತು. ಇಷ್ಟು ದೊಡ್ಡ ಉದ್ಯಮದ ಇಂಗಾಲ ಲೆಕ್ಕ ಸರಿಯಾಗಿರುವುದು ದೇಶದ ಹವಾಮಾನ ಲೆಕ್ಕಕ್ಕೂ ಅಗತ್ಯ.

2. ಲೆಕ್ಕದ ಮೂರು ವ್ಯಾಪ್ತಿಗಳು

ಕಂಪನಿಗಳ ಇಂಗಾಲ ಲೆಕ್ಕಕ್ಕೆ ಜಗತ್ತಿನಾದ್ಯಂತ ಆಧಾರವಾಗಿರುವುದು ಜಿಎಚ್‌ಜಿ ಪ್ರೋಟೊಕಾಲ್. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಮತ್ತು ಸುಸ್ಥಿರ ಅಭಿವೃದ್ಧಿಗಾಗಿ ಇರುವ ವಿಶ್ವ ವಾಣಿಜ್ಯ ಮಂಡಳಿ ಜೊತೆಗೂಡಿ ಇದನ್ನು 2001ರಲ್ಲಿ ಹೊರತಂದು 2004ರಲ್ಲಿ ಪರಿಷ್ಕರಿಸಿದವು. ಅದು ಹೊರಸೂಸುವಿಕೆಯನ್ನು ಸ್ಕೋಪ್ 1, 2, 3 ಎಂದು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ.

ಕಂಪನಿಯ ಸ್ವಂತ ಕುಲುಮೆ, ಬಾಯ್ಲರ್, ಚಿಮಣಿ, ವಾಹನಗಳಿಂದ ಹೊರಬಿದ್ದದ್ದು ಮೊದಲ ವ್ಯಾಪ್ತಿ. ಯೂರಿಯಾ ಕಾರ್ಖಾನೆಯಲ್ಲಿ ಅನಿಲದ ಎರಡೂ ಪಾತ್ರಗಳು ಇಲ್ಲಿಗೇ ಸೇರುತ್ತವೆ. ನೈಟ್ರಿಕ್ ಆಮ್ಲ ತಯಾರಿಸುವ ಕಾರ್ಖಾನೆಯಾದರೆ ನೈಟ್ರಸ್ ಆಕ್ಸೈಡೂ ಇದೇ ಪಟ್ಟಿಗೆ ಬರುತ್ತದೆ: ಪ್ಲಾಟಿನಂ-ರೋಡಿಯಂ ಬಲೆಯ ಮೇಲೆ ಅಮೋನಿಯಾ ಉತ್ಕರ್ಷಣೆಗೊಳ್ಳುವಾಗ ಅದು ಉಪ ಉತ್ಪನ್ನವಾಗಿ ಹುಟ್ಟುತ್ತದೆ.

ಹೊರಗಿನಿಂದ ಕೊಂಡ ವಿದ್ಯುತ್ತು ಮತ್ತು ಹಬೆಯ ಹಿಂದಿರುವ ಹೊರಸೂಸುವಿಕೆ ಎರಡನೆಯ ವ್ಯಾಪ್ತಿ. ಭಾರತದ ವಿದ್ಯುತ್ ಜಾಲದ ಒಂದು ಯೂನಿಟ್ಟಿಗೆ ಸರಾಸರಿ ಎಷ್ಟು ಇಂಗಾಲ ಎಂಬುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 0.7 ಕೆ.ಜಿ. ಸ್ವಂತ ವಿದ್ಯುತ್ ಘಟಕ ನಿಲ್ಲಿಸಿ ಜಾಲದಿಂದ ಕರೆಂಟು ಕೊಳ್ಳುವ ಕಂಪನಿಯ ಮೊದಲ ವ್ಯಾಪ್ತಿ ಇಳಿಯುತ್ತದೆ, ಎರಡನೆಯದು ಏರುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗಷ್ಟೇ ನಿಜವಾಗಿ ಇಳಿಕೆ ಆಯಿತೇ ಎಂಬುದು ತಿಳಿಯುತ್ತದೆ.

ಕಂಪನಿಯ ಹಿಂದೆ ಮತ್ತು ಮುಂದೆ ನಡೆಯುವುದೆಲ್ಲ ಮೂರನೆಯ ವ್ಯಾಪ್ತಿ. ಇದಕ್ಕೆ 2011ರಲ್ಲಿ ಪ್ರತ್ಯೇಕ ಮಾನಕ ಬಂದಿತು. ಅದರಲ್ಲಿ 15 ವರ್ಗಗಳಿವೆ. ಗೊಬ್ಬರದ ಮಟ್ಟಿಗೆ ಎರಡು ವರ್ಗಗಳು ಮುಖ್ಯ: ಕೊಂಡ ಕಚ್ಚಾವಸ್ತು ಮತ್ತು ಮಾರಿದ ಸರಕಿನ ಬಳಕೆ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರ ತಯಾರಿಸುವ ಎಷ್ಟೋ ಕಾರ್ಖಾನೆಗಳು ಅಮೋನಿಯಾವನ್ನೂ ಫಾಸ್ಫಾರಿಕ್ ಆಮ್ಲವನ್ನೂ ಹಡಗಿನಲ್ಲಿ ತರಿಸಿಕೊಳ್ಳುತ್ತವೆ. ಒಂದು ಟನ್ ಡಿಎಪಿಯಲ್ಲಿ ಶೇ. 18 ಸಾರಜನಕ, ಅದಕ್ಕೆ ಸುಮಾರು 0.22 ಟನ್ ಅಮೋನಿಯಾ ಬೇಕು. ಆ ಅಮೋನಿಯಾ ಹುಟ್ಟುವಾಗ ಬಿಟ್ಟ ಇಂಗಾಲ ಪರದೇಶದ ಕಾರ್ಖಾನೆಯ ಮೊದಲ ವ್ಯಾಪ್ತಿ, ಇಲ್ಲಿನ ಕಂಪನಿಯ ಮೂರನೆಯ ವ್ಯಾಪ್ತಿ. ಇಂಥ ಕಂಪನಿಯ ಮೊದಲ ವ್ಯಾಪ್ತಿಯನ್ನು ಯೂರಿಯಾ ಕಂಪನಿಯ ಮೊದಲ ವ್ಯಾಪ್ತಿಯ ಪಕ್ಕದಲ್ಲಿಟ್ಟು ಹೋಲಿಸುವುದು ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ.

3. ಅಳೆಯುವ ಕ್ರಮ

ಚಿಮಣಿಯ ಬಾಯಲ್ಲಿ ಯಂತ್ರವಿಟ್ಟು ಇಂಗಾಲವನ್ನು ಅಳೆಯುವುದು ವಿರಳ. ಸಾಮಾನ್ಯವಾಗಿ ಒಳಬಂದ ಇಂಧನದಿಂದ ಲೆಕ್ಕ ಶುರುವಾಗುತ್ತದೆ. ಇಂಧನದ ಪ್ರಮಾಣ, ಅದರ ಕ್ಯಾಲರಿ ಮೌಲ್ಯ, ಪ್ರತಿ ಗಿಗಾಜೂಲ್ ಶಕ್ತಿಗೆ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಈ ಮೂರನ್ನು ಗುಣಿಸಿದರೆ ಮೊತ್ತ ಸಿಗುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ನೈಸರ್ಗಿಕ ಅನಿಲದ ಗುಣಾಂಕ ಗಿಗಾಜೂಲಿಗೆ 56.1 ಕೆ.ಜಿ., ಕಚ್ಚಾತೈಲದಿಂದ ಸಿಗುವ ನ್ಯಾಫ್ತಾದ್ದು 73.3 ಕೆ.ಜಿ.

ಈ ಸರಳ ಗುಣಾಕಾರದಲ್ಲೂ ಎಡವುವ ಜಾಗವಿದೆ. ಇಂಧನ ಉರಿದಾಗ ಹುಟ್ಟುವ ನೀರಾವಿಯ ಶಾಖವನ್ನು ಸೇರಿಸಿ ಹೇಳುವುದು ಒಟ್ಟು ಕ್ಯಾಲರಿ ಮೌಲ್ಯ, ಬಿಟ್ಟು ಹೇಳುವುದು ನಿವ್ವಳ ಮೌಲ್ಯ. ನೈಸರ್ಗಿಕ ಅನಿಲದಲ್ಲಿ ಇವೆರಡರ ನಡುವೆ ಸುಮಾರು ಶೇ. 10ರ ಅಂತರವಿದೆ. ಅನಿಲದ ಬಿಲ್ಲು ಒಟ್ಟು ಮೌಲ್ಯದಲ್ಲಿರುವುದು ರೂಢಿ. ಐಪಿಸಿಸಿ ಗುಣಾಂಕ ಇರುವುದು ನಿವ್ವಳ ಮೌಲ್ಯಕ್ಕೆ. ಬಿಲ್ಲಿನ ಅಂಕಿಯನ್ನು ಹಾಗೆಯೇ ಗುಣಿಸಿದರೆ ಮೊತ್ತ ಹತ್ತಿರ ಹತ್ತು ಶೇಕಡ ಹಿಗ್ಗುತ್ತದೆ. ಮರುವರ್ಷ ಅದನ್ನು ಸದ್ದಿಲ್ಲದೆ ತಿದ್ದಿಕೊಂಡರೆ ಯಾವ ಯಂತ್ರವನ್ನೂ ಬದಲಿಸದೆ ಹೊರಸೂಸುವಿಕೆ ಇಳಿದಂತೆ ಕಾಣುತ್ತದೆ. ಯಾವ ಮೌಲ್ಯ, ಯಾವ ಗುಣಾಂಕ ಬಳಸಲಾಯಿತು ಎಂಬ ಒಂದು ಸಾಲು ವರದಿಯಲ್ಲಿ ಇರಲೇಬೇಕಾದ್ದು ಇದಕ್ಕೇ.

ಭಾರತದ ಯೂರಿಯಾ ಕಾರ್ಖಾನೆಗಳಿಗೆ ಈ ಕೆಲಸ ಹೊಸದಲ್ಲ. ಯೂರಿಯಾದ ಮಾರಾಟ ಬೆಲೆಯನ್ನು ಸರ್ಕಾರ ನಿಗದಿಪಡಿಸಿ, ತಯಾರಿಕಾ ವೆಚ್ಚದ ಅಂತರವನ್ನು ಸಬ್ಸಿಡಿಯಾಗಿ ಕೊಡುತ್ತದೆ. ಆ ವೆಚ್ಚದಲ್ಲಿ ದೊಡ್ಡ ಪಾಲು ಶಕ್ತಿಯದು. ಹಾಗಾಗಿ ಒಂದು ಟನ್ ಯೂರಿಯಾಕ್ಕೆ ಎಷ್ಟು ಗಿಗಾಕ್ಯಾಲರಿ ಖರ್ಚಾಯಿತು ಎಂಬ ಲೆಕ್ಕ ಪ್ರತಿ ಕಾರ್ಖಾನೆಯಲ್ಲೂ ದಶಕಗಳಿಂದ ನಡೆದುಬಂದಿದೆ. 2015ರ ಹೊಸ ಯೂರಿಯಾ ನೀತಿ ಟನ್ನಿಗೆ ಇಷ್ಟೇ ಶಕ್ತಿ ಎಂಬ ಮಿತಿಗಳನ್ನು ಇನ್ನಷ್ಟು ಬಿಗಿಗೊಳಿಸಿತು. 2012ರಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭಿಸಿದ, ಕಾರ್ಖಾನೆಗಳಿಗೆ ಶಕ್ತಿ ಉಳಿತಾಯದ ಗುರಿ ಕೊಡುವ ಪ್ಯಾಟ್ ಯೋಜನೆಯ ಮೊದಲ ಎಂಟು ವಲಯಗಳಲ್ಲಿ ರಸಗೊಬ್ಬರವೂ ಒಂದಾಗಿತ್ತು. ಇಂಗಾಲದ ವರದಿಗೆ ಬೇಕಾದ ಮೂಲ ಅಂಕಿಗಳು ಹೀಗೆ ಕಾರ್ಖಾನೆಯ ದಫ್ತರದಲ್ಲಿ ಮೊದಲೇ ಇವೆ.

4. ಯೂರಿಯಾದೊಳಗೆ ಸೇರಿಕೊಂಡ ಇಂಗಾಲ

ದಕ್ಷ ಅನಿಲ ಕಾರ್ಖಾನೆಯೊಂದು ಟನ್ ಯೂರಿಯಾಕ್ಕೆ 5.5 ಗಿಗಾಕ್ಯಾಲರಿ ಬಳಸುತ್ತದೆ ಎಂದಿಟ್ಟುಕೊಂಡರೆ, ಅದು 23 ಗಿಗಾಜೂಲ್. 56.1ರಿಂದ ಗುಣಿಸಿದರೆ 1.29 ಟನ್ ಇಂಗಾಲದ ಡೈಆಕ್ಸೈಡ್. ಇದರಲ್ಲಿ 0.733 ಟನ್ ಯೂರಿಯಾದ ಹರಳಿನೊಳಗೆ ಸೇರಿಕೊಂಡಿರುತ್ತದೆ. ಕಾರ್ಖಾನೆಯ ಗಡಿಯಲ್ಲಿ ನಿಜವಾಗಿ ಗಾಳಿಗೆ ಹೋದದ್ದು ಉಳಿದ 0.56 ಟನ್ ಮಾತ್ರ. ಹಾಗಾದರೆ ವರದಿಯಲ್ಲಿ ಬರೆಯಬೇಕಾದ್ದು 1.29 ಅಥವಾ 0.56?

ನಿಯಮಗಳು ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಐಪಿಸಿಸಿ ಮಾರ್ಗಸೂಚಿಯಂತೆ ದೇಶದ ಲೆಕ್ಕ ಬರೆಯುವಾಗ ಯೂರಿಯಾಕ್ಕೆ ಹೋದ ಪಾಲನ್ನು ಅಮೋನಿಯಾ ಉದ್ಯಮದ ಖಾತೆಯಿಂದ ಕಳೆದು, ಗೊಬ್ಬರ ಬಳಸಿದ ಕಡೆ ಕೃಷಿಯ ಖಾತೆಗೆ ಬರೆಯಬೇಕು. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದಾಗ ಆ ಇಂಗಾಲ ಬಿಡುಗಡೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಹೀಗಾಗಿ ಭಾರತ ಆಮದು ಮಾಡಿಕೊಂಡ ಯೂರಿಯಾದ ಈ ಪಾಲು ಭಾರತದ ಖಾತೆಗೇ ಬೀಳುತ್ತದೆ. ಯುರೋಪಿಯನ್ ಒಕ್ಕೂಟದ ಹೊರಸೂಸುವಿಕೆ ವಹಿವಾಟಿನ ನಿಯಮ ಇದಕ್ಕೆ ವಿರುದ್ಧವಾಗಿದೆ: ಯೂರಿಯಾಕ್ಕೆ ಹೋದ ಅನಿಲವನ್ನೂ ಅಮೋನಿಯಾ ಘಟಕವೇ ಹೊರಸೂಸಿತೆಂದು ಅದು ಪರಿಗಣಿಸುತ್ತದೆ.

ಎರಡೂ ಕ್ರಮಗಳಿಗೆ ಸಮರ್ಥನೆಯಿದೆ. ಆದರೆ 0.733 ಟನ್ನನ್ನು ಮೊದಲ ವ್ಯಾಪ್ತಿಯಿಂದ ಕಳೆದ ಕಂಪನಿ ಅದನ್ನು ಮೂರನೆಯ ವ್ಯಾಪ್ತಿಯಲ್ಲಿ ಬರೆಯದಿದ್ದರೆ ಆ ಇಂಗಾಲ ಯಾರ ಖಾತೆಯಲ್ಲೂ ಇರುವುದಿಲ್ಲ. ಯೂರಿಯಾ ಇಂಗಾಲವನ್ನು ಶಾಶ್ವತವಾಗಿ ಹಿಡಿದಿಡುವ ಸಂಗ್ರಹಾಗಾರವಲ್ಲ. ಹೊಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಅದು ಒಡೆಯುತ್ತದೆ. ಕುಲುಮೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಯೂರಿಯಾಕ್ಕೆ ಸೇರಿಸುವ ಘಟಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅನಿಲದಿಂದ ಅಮೋನಿಯಾ ಮಾಡುವಾಗ ಸಿಗುವ ಶುದ್ಧ ಇಂಗಾಲದ ಡೈಆಕ್ಸೈಡ್ ಅಷ್ಟೂ ಅಮೋನಿಯಾವನ್ನು ಯೂರಿಯಾ ಮಾಡಲು ತುಸು ಕಡಿಮೆ ಬೀಳುವುದರಿಂದ ಇಂಥ ಘಟಕಗಳು ಬಂದವು. ಇಫ್ಕೊ ಸಹಕಾರ ಸಂಘದ ಆಂವ್ಲಾ ಮತ್ತು ಫೂಲ್‌ಪುರ ಕಾರ್ಖಾನೆಗಳಲ್ಲಿ ಅವು 2006ರಿಂದ ಇವೆ. ಉತ್ಪಾದನೆ ಹೆಚ್ಚಿಸಲು ಅವು ಉಪಯುಕ್ತ. ಇಂಗಾಲವನ್ನು ಹೂತಿಟ್ಟ ಲಾಭವನ್ನು ಅವುಗಳ ಹೆಸರಿನಲ್ಲಿ ಬರೆದುಕೊಳ್ಳುವಂತಿಲ್ಲ.

5. ಹೊಲದಲ್ಲಿ ಹೊಮ್ಮುವುದು

ಮಣ್ಣಿಗೆ ಹಾಕಿದ ಸಾರಜನಕದ ಒಂದು ಪಾಲನ್ನು ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿ ಮಾರ್ಪಡಿಸುತ್ತವೆ. ಐಪಿಸಿಸಿಯ 2006ರ ಮೂಲ ಗುಣಾಂಕದಂತೆ, ಹಾಕಿದ ಸಾರಜನಕದ ಶೇ. 1 ಭಾಗ ನೇರವಾಗಿ ಈ ರೂಪ ತಾಳುತ್ತದೆ. ಪ್ರಮಾಣ ಅತ್ಯಲ್ಪವೆನಿಸಿದರೂ ಪರಿಣಾಮ ಹಾಗಿಲ್ಲ. ನೂರು ವರ್ಷಗಳ ಅವಧಿಯಲ್ಲಿ ನೈಟ್ರಸ್ ಆಕ್ಸೈಡಿನ ತಾಪನ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು ಎಂದು ಐಪಿಸಿಸಿಯ ಆರನೆಯ ವರದಿ ಹೇಳುತ್ತದೆ.

ಒಂದು ಟನ್ ಯೂರಿಯಾದಲ್ಲಿ 460 ಕೆ.ಜಿ. ಸಾರಜನಕವಿದೆ. ಅದರ ಶೇ. 1 ಅಂದರೆ 4.6 ಕೆ.ಜಿ.; ಇದು 7.2 ಕೆ.ಜಿ. ನೈಟ್ರಸ್ ಆಕ್ಸೈಡ್ ಆಗುತ್ತದೆ. 273ರಿಂದ ಗುಣಿಸಿದರೆ ಸುಮಾರು 1.97 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ರೈತ ಕೊಳ್ಳುವ 45 ಕೆ.ಜಿ. ಚೀಲದ ಮಟ್ಟಿಗೆ ಹೇಳುವುದಾದರೆ, ಮೇಲೆ ಹೇಳಿದ ದಕ್ಷ ಕಾರ್ಖಾನೆಯಲ್ಲಿ ಗಾಳಿಗೆ ಹೋದದ್ದು ಸುಮಾರು 25 ಕೆ.ಜಿ., ಯೂರಿಯಾ ಒಡೆದಾಗ ಹೊಲದಲ್ಲಿ ಬಿಡುಗಡೆಯಾಗುವುದು 33 ಕೆ.ಜಿ., ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೊಮ್ಮುವುದು 89 ಕೆ.ಜಿ.ಗೆ ಸಮ. ಒಟ್ಟು 147 ಕೆ.ಜಿ.ಯಲ್ಲಿ ಕಾರ್ಖಾನೆಯ ಆವರಣದೊಳಗೆ ಹೊಮ್ಮಿದ್ದು ಆರನೆಯ ಒಂದು ಭಾಗ ಮಾತ್ರ. ಮೂರನೆಯ ವ್ಯಾಪ್ತಿಯನ್ನು ಬಿಟ್ಟ ವರದಿ ಈ ಆರನೆಯ ಒಂದು ಭಾಗವನ್ನಷ್ಟೇ ತೋರಿಸಿ ಮುಗಿಯಬಹುದು.

ಶೇ. 1 ಎಂಬುದು ಜಾಗತಿಕ ಸರಾಸರಿ. ಐಪಿಸಿಸಿ 2019ರಲ್ಲಿ ಮಾಡಿದ ಪರಿಷ್ಕರಣೆ ರಸಗೊಬ್ಬರಕ್ಕೆ ತೇವದ ಹವೆಯಲ್ಲಿ ಶೇ. 1.6, ಒಣ ಹವೆಯಲ್ಲಿ ಶೇ. 0.5 ಎಂದು ಬೇರ್ಪಡಿಸಿತು. ಅದರಂತೆ ಮಳೆ ಹೆಚ್ಚಿರುವ ಮಲೆನಾಡಿನ ತೋಟಕ್ಕೂ ಬಯಲುಸೀಮೆಯ ಒಣ ಹೊಲಕ್ಕೂ ಒಂದೇ ಚೀಲದಿಂದ ಹೊಮ್ಮುವ ನೈಟ್ರಸ್ ಆಕ್ಸೈಡ್ ಮೂರು ಪಟ್ಟು ಬೇರೆಯಾಗಬಹುದು. ಗೊಬ್ಬರ ಯಾವ ಜಿಲ್ಲೆಗೆ ಎಷ್ಟು ಹೋಯಿತೆಂಬ ಮಾರಾಟದ ಅಂಕಿ ಕಂಪನಿಗಳ ಬಳಿ ಇರುತ್ತದೆ. ಅದನ್ನು ಬಳಸಿದರೆ ಈ ಅಂದಾಜು ಇನ್ನಷ್ಟು ನಿಖರವಾಗುತ್ತದೆ.

ಹೊಲದ ಹೊರಸೂಸುವಿಕೆಯನ್ನು ಬರೆಯುವುದೆಂದರೆ ರೈತನ ಮೇಲೆ ಹೊಣೆ ಹೊರಿಸುವುದಲ್ಲ. ಬೆಳೆ ಹೀರಿಕೊಳ್ಳದೆ ಗಾಳಿಗೂ ನೀರಿಗೂ ಸೇರಿದ ಸಾರಜನಕ ರೈತನಿಗೂ ನಷ್ಟವೇ. ಮೇಲುಗೊಬ್ಬರವನ್ನು ಕಂತುಗಳಲ್ಲಿ ಕೊಡುವುದು, ಮಣ್ಣು ಪರೀಕ್ಷೆಯ ಆಧಾರದ ಮೇಲೆ ಪ್ರಮಾಣ ನಿರ್ಧರಿಸುವುದು, ನೈಟ್ರೀಕರಣವನ್ನು ನಿಧಾನಗೊಳಿಸುವ ಬೇವು ಲೇಪನ ಇವೆಲ್ಲ ಆ ನಷ್ಟವನ್ನು ತಗ್ಗಿಸುವ ದಾರಿಗಳು. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವು ಲೇಪನ 2015ರಲ್ಲಿ ಕಡ್ಡಾಯವಾಯಿತು. ಇಂಥ ಕ್ರಮಗಳ ಫಲ ಕಾಣಬೇಕಾದರೂ ಹೊಲದ ಲೆಕ್ಕ ವರದಿಯಲ್ಲಿರಬೇಕು.

6. ಪಣಂಬೂರಿನ ಉದಾಹರಣೆ

ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲಿದೆ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹೆಸರಿನಲ್ಲಿ 1970ರ ದಶಕದಲ್ಲಿ ಉತ್ಪಾದನೆ ಆರಂಭಿಸಿದ ಇದರ ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಅನಿಲದ ಕೊಳವೆಮಾರ್ಗ ಇಲ್ಲದ ಕಾರಣ ಇದು ದಶಕಗಳ ಕಾಲ ನ್ಯಾಫ್ತಾವನ್ನು ನೆಚ್ಚಿಕೊಂಡಿತ್ತು. ಚೆನ್ನೈ ಬಳಿಯ ಮನಲಿ ಮತ್ತು ತೂತ್ತುಕುಡಿಯ ಕಾರ್ಖಾನೆಗಳದೂ ಇದೇ ಸ್ಥಿತಿಯಾಗಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿ.ಮೀ. ಉದ್ದದ ಕೊಳವೆಮಾರ್ಗ ಬಂದ ಮೇಲೆ 2020ರ ಕೊನೆಯಲ್ಲಿ ಪಣಂಬೂರಿಗೆ ಅನಿಲ ತಲುಪಿತು. 2021ರ ಜನವರಿ 5ರಂದು ಪ್ರಧಾನಿ ನರೇಂದ್ರ ಮೋದಿ ಆ ಮಾರ್ಗವನ್ನು ಲೋಕಾರ್ಪಣೆ ಮಾಡಿದರು.

ಇಂಧನ ಬದಲಾದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಗುಣಾಂಕಗಳಿಂದಲೇ ಕಾಣಬಹುದು. ಟನ್ ಯೂರಿಯಾಕ್ಕೆ ಅದೇ 23 ಗಿಗಾಜೂಲ್ ಎಂದು ಹಿಡಿದರೆ ನ್ಯಾಫ್ತಾದಿಂದ 1.69 ಟನ್, ಅನಿಲದಿಂದ 1.29 ಟನ್. ಟನ್ನಿಗೆ 0.4 ಟನ್ ವ್ಯತ್ಯಾಸ. ಅಷ್ಟೂ ಸಾಮರ್ಥ್ಯದಲ್ಲಿ ನಡೆಯುವ ಕಾರ್ಖಾನೆಗೆ ಇದು ವರ್ಷಕ್ಕೆ ಒಂದೂವರೆ ಲಕ್ಷ ಟನ್ ಆಗುತ್ತದೆ. ಇದು ಲೆಕ್ಕದ ಮಾದರಿಯೇ ಹೊರತು ಆ ಕಾರ್ಖಾನೆಯ ವರದಿಯ ಅಂಕಿಯಲ್ಲ. ಆದರೂ ಎರಡು ಪಾಠ ಇದರಲ್ಲಿವೆ. ಒಂದು, ಇಂಥ ಇಳಿಕೆ ನಿಜವಾದದ್ದು, ಅಳೆಯಲು ಬರುವಂಥದ್ದು. ಎರಡು, ಅದು ಒಂದೇ ಸಲ ಸಿಗುವಂಥದ್ದು. ಹೋಲಿಕೆಗೆ ಆಧಾರವಾಗಿ ನ್ಯಾಫ್ತಾದ ಕಾಲದ ವರ್ಷವನ್ನು ಆರಿಸಿಕೊಂಡ ಕಂಪನಿ ಮುಂದೆ ಏನೂ ಮಾಡದಿದ್ದರೂ ದೊಡ್ಡ ಸಾಧನೆ ತೋರಿಸಬಹುದು. ಆದ್ದರಿಂದ ಆಧಾರ ವರ್ಷ ಯಾವುದು, ಏಕೆ ಅದನ್ನು ಆರಿಸಲಾಯಿತು ಎಂಬುದು ವರದಿಯಲ್ಲಿ ಸ್ಪಷ್ಟವಾಗಿರಬೇಕು. ಕಂಪನಿಗಳು ವಿಲೀನವಾದಾಗ ಆಧಾರ ವರ್ಷದ ಲೆಕ್ಕವನ್ನು ಮತ್ತೆ ಮಾಡಬೇಕೆಂದು ಜಿಎಚ್‌ಜಿ ಪ್ರೋಟೊಕಾಲ್ ವಿಧಿಸುವುದೂ ಇದೇ ಕಾರಣಕ್ಕೆ.

7. ಕಾನೂನಿನ ಚೌಕಟ್ಟು

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿ 2021ರ ಮೇ ತಿಂಗಳಲ್ಲಿ ಬಿಆರ್‌ಎಸ್‌ಆರ್ ಎಂಬ ವರದಿ ನಮೂನೆ ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ 2022-23ರಿಂದ ಇದು ಕಡ್ಡಾಯ. ಒಂಬತ್ತು ತತ್ತ್ವಗಳಿರುವ ಈ ನಮೂನೆಯಲ್ಲಿ ಆರನೆಯದು ಪರಿಸರದ್ದು. ಮೊದಲ ಎರಡು ವ್ಯಾಪ್ತಿಗಳು ಅಗತ್ಯ ಸೂಚಕಗಳ ಪಟ್ಟಿಯಲ್ಲಿವೆ. ಮೂರನೆಯದು ಸ್ವಇಚ್ಛೆಯಿಂದ ಕೊಡುವ ನಾಯಕತ್ವ ಸೂಚಕಗಳ ಪಟ್ಟಿಯಲ್ಲಿದೆ. ಬೇರೆ ಉದ್ಯಮಗಳಿಗೆ ಈ ವಿಂಗಡಣೆ ಸರಿಹೊಂದಬಹುದು. ಲೆಕ್ಕದ ಸಿಂಹಪಾಲು ಹೊಲದಲ್ಲಿರುವ ಗೊಬ್ಬರಕ್ಕೆ ಅದು ಸಾಲದು.

ಇನ್ನೊಂದು ಕೊರತೆಯೂ ಇದೆ. ಇಫ್ಕೊ ಮತ್ತು ಕೃಭಕೊ ಸಹಕಾರ ಸಂಘಗಳು. ಗೋರಖ್‌ಪುರ, ಸಿಂದ್ರಿ, ಬರೌನಿಗಳ ಹೊಸ ಕಾರ್ಖಾನೆಗಳು ಸಾರ್ವಜನಿಕ ಸಂಸ್ಥೆಗಳ ಜಂಟಿ ಕಂಪನಿಗೆ ಸೇರಿದವು. ಇವು ಯಾವುವೂ ಷೇರುಪೇಟೆಯಲ್ಲಿಲ್ಲ. ದೇಶದ ಯೂರಿಯಾದ ದೊಡ್ಡ ಪಾಲು ಹೀಗೆ ಸೆಬಿಯ ನಿಯಮದ ಹೊರಗೇ ಉಳಿಯುತ್ತದೆ. ಸಬ್ಸಿಡಿ ರೂಪದಲ್ಲಿ ಸಾರ್ವಜನಿಕ ಹಣ ಪಡೆಯುವ ಪ್ರತಿಯೊಂದು ಕಾರ್ಖಾನೆಯೂ ಒಂದೇ ನಮೂನೆಯಲ್ಲಿ ಇಂಗಾಲದ ಲೆಕ್ಕ ಕೊಡುವುದು ನ್ಯಾಯವೂ ಹೌದು, ಸಾಧ್ಯವೂ ಹೌದು.

ರಫ್ತಿನ ಕಡೆಯಿಂದಲೂ ಒತ್ತಡ ಬಂದಿದೆ. ಆಮದು ಸರಕಿನ ಇಂಗಾಲಕ್ಕೆ ಬೆಲೆ ಕಟ್ಟುವ ಯುರೋಪಿಯನ್ ಒಕ್ಕೂಟದ ಗಡಿ ಇಂಗಾಲ ಹೊಂದಾಣಿಕೆ ವ್ಯವಸ್ಥೆ 2023ರ ಅಕ್ಟೋಬರ್ 1ರಿಂದ ವರದಿಯ ಹಂತವಾಗಿ ಶುರುವಾಗಿ, 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರ ಪಟ್ಟಿಯಲ್ಲಿ ಅಮೋನಿಯಾ, ನೈಟ್ರಿಕ್ ಆಮ್ಲ, ಯೂರಿಯಾ ಮತ್ತಿತರ ಗೊಬ್ಬರಗಳಿವೆ. ನೈಟ್ರಸ್ ಆಕ್ಸೈಡನ್ನೂ ವಿದ್ಯುತ್ತಿನ ಪಾಲನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತ ಯೂರಿಯಾ ಆಮದು ಮಾಡುವ ದೇಶವಾದ್ದರಿಂದ ನೇರ ಪರಿಣಾಮ ಕಡಿಮೆ. ಆದರೆ ಆ ಪೇಟೆಗೆ ಮಾರುವ ದೇಶಗಳೆಲ್ಲ ಸರಕುವಾರು ಲೆಕ್ಕ ಇಡತೊಡಗಿದಾಗ, ಅವರಿಂದ ಅಮೋನಿಯಾ ಕೊಳ್ಳುವ ಇಲ್ಲಿನ ಕಂಪನಿಗಳಿಗೂ ಮೂರನೆಯ ವ್ಯಾಪ್ತಿಗೆ ಖಚಿತ ಅಂಕಿ ಸಿಗುತ್ತದೆ.

8. ಅನುಪಾತಗಳನ್ನು ಓದುವ ಬಗೆ

ಬಿಆರ್‌ಎಸ್‌ಆರ್ ಒಟ್ಟು ಮೊತ್ತದ ಜೊತೆಗೆ ಒಂದು ರೂಪಾಯಿ ವಹಿವಾಟಿಗೆ ಎಷ್ಟು ಹೊರಸೂಸುವಿಕೆ ಎಂಬ ಅನುಪಾತವನ್ನೂ ಕೇಳುತ್ತದೆ. ಗೊಬ್ಬರದ ವಿಷಯದಲ್ಲಿ ಈ ಅನುಪಾತ ದಾರಿ ತಪ್ಪಿಸುತ್ತದೆ. ಕಂಪನಿಯ ವಹಿವಾಟಿನಲ್ಲಿ ಸಬ್ಸಿಡಿಯೂ ಸೇರಿರುತ್ತದೆ. ಸಬ್ಸಿಡಿ ಅನಿಲದ ಬೆಲೆಯ ಜೊತೆಗೇ ಏರಿಳಿಯುತ್ತದೆ. 2022ರಲ್ಲಿ ಜಗತ್ತಿನಲ್ಲೆಲ್ಲ ಅನಿಲದ ಬೆಲೆ ಗಗನಕ್ಕೇರಿತು. ಅಂಥ ವರ್ಷದಲ್ಲಿ ಅಷ್ಟೇ ಯೂರಿಯಾ ಮಾಡಿ ಅಷ್ಟೇ ಇಂಗಾಲ ಬಿಟ್ಟ ಕಾರ್ಖಾನೆಯ ವಹಿವಾಟು ಹಿಗ್ಗಿ, ರೂಪಾಯಿಗೆ ಹೊರಸೂಸುವಿಕೆ ಕುಗ್ಗುತ್ತದೆ. ಬೆಲೆ ಇಳಿದಾಗ ಅದೇ ಕಾರ್ಖಾನೆ ಕೆಟ್ಟದಾಗಿ ಕಾಣುತ್ತದೆ. ಟನ್ ಸಾರಜನಕಕ್ಕೆ ಎಷ್ಟು ಎಂಬುದೇ ಇಲ್ಲಿ ನಂಬಬಹುದಾದ ಅನುಪಾತ: ಯೂರಿಯಾ, ಡಿಎಪಿ, ಸಂಯುಕ್ತ ಗೊಬ್ಬರ ಎಲ್ಲವನ್ನೂ ಅದರಿಂದ ಒಂದೇ ಅಳತೆಯಲ್ಲಿ ತೂಗಬಹುದು.

ನೈಟ್ರಸ್ ಆಕ್ಸೈಡಿನ ಗುಣಕವನ್ನೂ ಗಮನಿಸಬೇಕು. ಐಪಿಸಿಸಿಯ ನಾಲ್ಕನೆಯ ವರದಿಯಲ್ಲಿ ಅದು 298, ಐದನೆಯದರಲ್ಲಿ 265, ಆರನೆಯದರಲ್ಲಿ 273. ವರ್ಷದಿಂದ ವರ್ಷಕ್ಕೆ ಗುಣಕ ಬದಲಿಸಿದ ವರದಿಗಳನ್ನು ಹಾಗೆಯೇ ಹೋಲಿಸುವಂತಿಲ್ಲ.

9. ಪರಿಶೀಲನೆ

ಸೆಬಿ 2023ರ ಜುಲೈಯಲ್ಲಿ ಬಿಆರ್‌ಎಸ್‌ಆರ್ ಕೋರ್ ಎಂಬ ಚಿಕ್ಕ ಪಟ್ಟಿ ಗೊತ್ತುಮಾಡಿ, ಅದರ ಅಂಕಿಗಳಿಗೆ ಹೊರಗಿನವರ ಖಾತರಿ ಬೇಕೆಂದಿತು. 2023-24ರಲ್ಲಿ ಮೊದಲ 150 ಕಂಪನಿಗಳಿಂದ ಆರಂಭಿಸಿ 2026-27ಕ್ಕೆ 1,000 ಕಂಪನಿಗಳಿಗೆ ವಿಸ್ತರಿಸುವ ಕ್ರಮ ಅದು. ಗೊಬ್ಬರ ಕಾರ್ಖಾನೆಯ ಪರಿಶೀಲಕರು ನೋಡಬೇಕಾದ್ದು ಅನಿಲದ ಮೀಟರುಗಳ ಮಾಪನಾಂಕ ದಾಖಲೆ, ಅನಿಲದ ಸಂಯೋಜನೆಯ ಪ್ರಯೋಗಾಲಯ ವರದಿ, ಯೂರಿಯಾ ಘಟಕಕ್ಕೆ ಹೋದ ಇಂಗಾಲದ ಡೈಆಕ್ಸೈಡಿನ ಅಳತೆ. ಇವುಗಳಿಗೊಂದು ಸಹಜ ಒರೆಗಲ್ಲಿದೆ. ತಯಾರಾದ ಯೂರಿಯಾವನ್ನು 0.733ರಿಂದ ಗುಣಿಸಿದ ಮೊತ್ತಕ್ಕೂ ಕಂಪನಿ ಲೆಕ್ಕದಿಂದ ಕಳೆದ ಇಂಗಾಲದ ಡೈಆಕ್ಸೈಡಿಗೂ ತಾಳೆಯಾಗಬೇಕು. ಸಬ್ಸಿಡಿಗಾಗಿ ಸರ್ಕಾರಕ್ಕೆ ಕೊಟ್ಟ ಶಕ್ತಿಯ ಅಂಕಿಗೂ ಇಂಗಾಲದ ವರದಿಯಲ್ಲಿರುವ ಅಂಕಿಗೂ ಹೊಂದಿಕೆಯಿರಬೇಕು.

10. ಇಳಿಕೆಯ ದಾರಿಗಳು ವರದಿಯಲ್ಲಿ

ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕದಿಂದ ತಯಾರಿಸಿದ ಹಸಿರು ಅಮೋನಿಯಾಕ್ಕೆ 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನ ಒತ್ತು ಕೊಟ್ಟಿದೆ. ಒಂದು ಕೆ.ಜಿ. ಜಲಜನಕಕ್ಕೆ 2 ಕೆ.ಜಿ. ಇಂಗಾಲದ ಡೈಆಕ್ಸೈಡಿನ ಮಿತಿಯೊಳಗಿದ್ದರೆ ಅದು ಹಸಿರು ಎಂದು ಸರ್ಕಾರ ಅದೇ ವರ್ಷ ನಿಗದಿಪಡಿಸಿತು. ಆದರೆ ಈ ಅಮೋನಿಯಾದ ಜೊತೆಗೆ ಇಂಗಾಲದ ಡೈಆಕ್ಸೈಡ್ ಹುಟ್ಟುವುದಿಲ್ಲ. ಅದಿಲ್ಲದೆ ಯೂರಿಯಾ ಆಗುವುದಿಲ್ಲ. ಹಾಗಾಗಿ ಅಮೋನಿಯಾ ಕೊಳ್ಳುವ ಡಿಎಪಿ ಮತ್ತು ಸಂಯುಕ್ತ ಗೊಬ್ಬರದ ಕಾರ್ಖಾನೆಗಳಿಗೆ ಇದು ಮೊದಲು ಹೊಂದುತ್ತದೆ. ಅಲ್ಲಿ ಇಳಿಕೆ ಕಾಣುವುದು ಮೂರನೆಯ ವ್ಯಾಪ್ತಿಯಲ್ಲಿ. ಆ ವ್ಯಾಪ್ತಿಯನ್ನೇ ಬರೆಯದ ಕಂಪನಿಗೆ ಹೆಚ್ಚು ಹಣ ತೆತ್ತು ಹಸಿರು ಅಮೋನಿಯಾ ಕೊಂಡದ್ದರ ಫಲವನ್ನು ತೋರಿಸಲು ಜಾಗವೇ ಇರುವುದಿಲ್ಲ.

ಒಟ್ಟಿನಲ್ಲಿ ರಸಗೊಬ್ಬರ ಕಂಪನಿಯ ಪೂರ್ಣ ವರದಿಯಲ್ಲಿ ಇರಬೇಕಾದವು ಇವು: ಕಚ್ಚಾವಸ್ತು ಮತ್ತು ಇಂಧನದ ಇಂಗಾಲ ಬೇರೆ ಬೇರೆಯಾಗಿ, ಯೂರಿಯಾಕ್ಕೆ ಸೇರಿದ ಪಾಲು ಕಳೆಯುವ ಮುನ್ನ ಮತ್ತು ಕಳೆದ ಮೇಲೆ ಎರಡೂ ಮೊತ್ತ, ಕೊಂಡ ವಿದ್ಯುತ್ತು, ಕೊಂಡ ಅಮೋನಿಯಾ ಮತ್ತು ಆಮ್ಲಗಳ ಪಾಲು, ಹೊಲದಲ್ಲಿ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಮತ್ತು ನೈಟ್ರಸ್ ಆಕ್ಸೈಡ್, ಬಳಸಿದ ಗುಣಾಂಕಗಳು, ಆಧಾರ ವರ್ಷ ಮತ್ತು ಅದರ ಸಮರ್ಥನೆ, ಟನ್ ಸಾರಜನಕದ ಲೆಕ್ಕದಲ್ಲಿ ಅನುಪಾತ, ಪರಿಶೀಲಕರ ಅಭಿಪ್ರಾಯ. ಇಷ್ಟಿದ್ದರೆ ಹೂಡಿಕೆದಾರರು, ಸರ್ಕಾರ, ರೈತಸಂಘಟನೆಗಳು ಒಂದು ಕಾರ್ಖಾನೆಯನ್ನು ಇನ್ನೊಂದರೊಂದಿಗೆ, ಒಂದು ವರ್ಷವನ್ನು ಮತ್ತೊಂದರೊಂದಿಗೆ ನ್ಯಾಯವಾಗಿ ಹೋಲಿಸಬಹುದು. ದೇಶದ ಆಹಾರಕ್ಕೆ ಬೇಕಾದ ಸಾರಜನಕವನ್ನು ಕಡಿಮೆ ಇಂಗಾಲದಲ್ಲಿ ಕೊಡುವ ಕಾರ್ಖಾನೆ ಯಾವುದೆಂದು ಅಂಕಿಗಳ ಆಧಾರದಲ್ಲೇ ಗುರುತಿಸಬಹುದು.